ಅಕ್ಕನನ್ನು ಕೇಳಿ ಮನೆ ಕೊಟ್ಟವರು

ಮಸ್ಕಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಅವರ ಓಣಿಯವರಿಗೇ ಗುರುತು ಹತ್ತುವುದು ಕಷ್ಟ, ಆ ಹೆಸರು ಹಿಡಿದು ಅವರನ್ನು ಕರೆದವರು ಯಾರೂ ಇರಲಿಲ್ಲ. ಓಣಿಯ ಹೆಂಗಸರಿಗೆ ಅವರು ‘ಗುಲಾಬಿ ಮನಿಯಾಕಿ’. ಮಗನಿಗೆ ‘ಚಿಗವ್ವ’. ನನಗೆ ‘ಅಮ್ಮ’. ನಾನು ಅಲ್ಲಿಗೆ ಹೋಗುವುದಕ್ಕೆ ಎಷ್ಟೋ ಮೊದಲೇ ತೀರಿಹೋಗಿದ್ದ ಅವರ ಗಂಡ ಕೊನೆಯವರೆಗೂ ಅವರನ್ನು ‘ಕೇಳ್ತೇನು’ ಎಂದೇ ಕೂಗುತ್ತಿದ್ದರಂತೆ.

“ಅಕ್ಕಗೂ ಹಂಗಽ ಕೂಗ್ತಿದ್ರು, ನನಗೂ ಹಂಗಽ ಕೂಗಿದ್ರು. ಒಂದಽ ಕೂಗಿನಾಗ ಇಬ್ಬರ ಸಂಸಾರ ಮುಗೀತು ನೋಡು,” ಎಂದು ಒಮ್ಮೆ ಜೋಳ ಹಸನು ಮಾಡುತ್ತ ನಕ್ಕಿದ್ದರು.

ನನ್ನ ಊರು ಸಿಂಧನೂರು. ಮಸ್ಕಿಯ ಸರಕಾರಿ ಆಸ್ಪತ್ರೆಗೆ ಲ್ಯಾಬ್ ಟೆಕ್ನಿಶಿಯನ್ ಆಗಿ ನೇಮಕವಾದ ಹೊಸತರಲ್ಲಿ ಮನೆ ಹುಡುಕಿ ಹೈರಾಣಾಗಿದ್ದೆ. ಬಾಗಿಲು ತೆರೆದು, ನಗುತ್ತ ಕೋಣೆ ತೋರಿಸಿ, ನಲ್ಲಿ ತಿರುವಿ ನೀರು ಬರುವುದನ್ನೂ ತೋರಿಸಿದವರು ಕಡೆಗೆ “ನಿಮ್ಮದು ಯಾವ ಪೈಕಿ?” ಎಂದು ಕೇಳುತ್ತಿದ್ದರು. ಉತ್ತರ ಕೇಳಿದ ಮೇಲೆ ಅವರ ಮಗಳೋ ಅಳಿಯನೋ ಆ ಕೋಣೆಗೆ ಬರುವುದು ಒಮ್ಮೆಲೇ ನೆನಪಾಗುತ್ತಿತ್ತು. ಹಾಗಾಗಿ ಶಾಸನದ ಗುಡ್ಡದ ಕಡೆಗಿದ್ದ ಈ ಮನೆಗೆ ಬಂದಾಗ ಅವರು ಬಾಯಿ ತೆರೆಯುವ ಮೊದಲೇ ನಾನೇ ಹೇಳಿಬಿಟ್ಟೆ.

“ನಾವು ಬೌದ್ಧರು ರೀ. ಮನಿಯಾಗ ಬುದ್ಧನ ಫೋಟೊ ಇಡ್ತೀನಿ. ನಿಮಗ ತಕರಾರಿದ್ರ ಈಗಽ ಹೇಳಿಬಿಡ್ರಿ.”

ಬಿಳಿ ಕೂದಲು, ಸಣ್ಣ ಮೈಕಟ್ಟು, ಹಣೆಯ ಮೇಲೆ ವಿಭೂತಿಯ ತೆಳುವಾದ ಗೆರೆ. ನನ್ನನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ನನಗೇನು ತಕರಾರು ಯವ್ವಾ? ತಡಿ, ಅಕ್ಕನ್ನ ಒಂದ ಮಾತು ಕೇಳಿ ಬರ್ತೀನಿ.”

ಒಳಗೆ ಯಾರೋ ಹಿರಿಯರಿದ್ದಾರೆ ಎಂದುಕೊಂಡೆ. ಅವರು ಒಳಗೆ ಹೋಗಲಿಲ್ಲ. ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಅಂಗಳಕ್ಕಿಳಿದು ಗೇಟಿನ ಪಕ್ಕದಲ್ಲಿದ್ದ ಗುಲಾಬಿ ಬಳ್ಳಿಯ ಕಾಂಡದ ಮೇಲೆ ಕೈಯಿಟ್ಟು ನಿಂತರು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ನಡುವೆ ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಮತ್ತೆ ಅತ್ತ ತಿರುಗಿ ಏನನ್ನೋ ಸೇರಿಸಿದರು. ಆಮೇಲೆ ಮಾತು ಕೇಳಿಸಿಕೊಳ್ಳುವವರಂತೆ ಕಿವಿ ಓರೆ ಮಾಡಿದರು. ವಾಪಸು ಬಂದು, “ಆಕಿಗೂ ಏನೂ ತಕರಾರಿಲ್ಲಂತ. ನಾಳೆ ಸಾಮಾನು ತಗೊಂಡ ಬಾ,” ಎಂದರು.

ಅಷ್ಟು ಮನೆಗಳಲ್ಲಿ ಬೇಡ ಅನ್ನಿಸಿಕೊಂಡವಳು ನಾನು. ಗಿಡವನ್ನು ಕೇಳಿ ಮನೆ ಕೊಟ್ಟರೆ ಕೊಡಲಿ ಎಂದು ಮರುದಿನವೇ ಬಂದುಬಿಟ್ಟೆ.

ಆ ಬಳ್ಳಿಯ ಬಗ್ಗೆ ಹೇಳಲೇಬೇಕು. ಮುಂಗೈ ದಪ್ಪದ ಕಾಂಡ, ತೊಗಟೆ ಸುಲಿದು ಬೂದಿ ಬಣ್ಣಕ್ಕೆ ತಿರುಗಿತ್ತು. ಅಲ್ಲಿಂದ ಏರಿ, ಗೇಟಿನಿಂದ ಬಾಗಿಲವರೆಗೆ ಹಾಕಿದ್ದ ಕಬ್ಬಿಣದ ಪೈಪಿನ ಹಂದರವನ್ನು ತುಂಬಿ, ಮಾಳಿಗೆಯ ಅಂಚು ಹಿಡಿದು, ಮನೆಯ ಬಲಗಡೆಯ ಕೋಣೆಯ ಕಿಟಕಿಯತ್ತ ಇಳಿದಿತ್ತು. ಈಗಿನ ನರ್ಸರಿಗಳಲ್ಲಿ ಸಿಗುವ, ವರ್ಷವಿಡೀ ಒಂದೊಂದೇ ಹೂ ಕೊಡುವ ಜಾತಿಯಲ್ಲ. ಹಳೆಯ ಕಾಲದ್ದು. ವರ್ಷಕ್ಕೆ ಒಮ್ಮೆ, ಸಂಕ್ರಾಂತಿ ಕಳೆದ ಮೇಲೆ, ಎಲೆ ಕಾಣದಷ್ಟು ಗೊಂಚಲು ಬಿಡುತ್ತಿತ್ತು. ಕೂಸಿನ ಅಂಗಾಲಿನ ಬಣ್ಣದ ಹೂ. ಒತ್ತೊತ್ತಾಗಿ ಎಸಳು ತುಂಬಿರುವುದರಿಂದ ತೂಕ ತಾಳದೆ ಕೆಳಮುಖವಾಗಿ ಬಾಗುತ್ತಿದ್ದವು. ಹಂದರದ ಕೆಳಗೆ ಹಾಯುವಾಗ ತಲೆಯೆತ್ತಿದರೆ ಅಷ್ಟೂ ಹೂಗಳು ನಮ್ಮನ್ನೇ ನೋಡುತ್ತಿರುವಂತೆ ಕಾಣುತ್ತಿತ್ತು. ನಾನು ತಲೆಯೆತ್ತುವುದನ್ನು ಬಹಳ ಬೇಗ ಬಿಟ್ಟೆ.

ಒಂದು ಹೂವನ್ನೂ ಅಮ್ಮ ಕೀಳುತ್ತಿರಲಿಲ್ಲ. ದೇವರ ಜಗಲಿಗೂ ಇಲ್ಲ, ಓಣಿಯ ಮದುವೆಗೂ ಇಲ್ಲ. ಮಲ್ಲಿಗೆಯ ಮೊಳಕ್ಕೆ ಪೇಟೆಗೆ ಓಡುವ ಹೆಂಗಸರು ಗೇಟಿನ ಮುಂದೆ ನಿಂತು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. “ಹರಿಯೋದಲ್ಲ, ಬೀಳೂಮಟ ಕಾಯೋದು,” ಎನ್ನುತ್ತಿದ್ದರು ಅಮ್ಮ. ಬಿದ್ದ ಎಸಳುಗಳನ್ನು ಮಾತ್ರ ಬೆಳಿಗ್ಗೆ ಮೊರದಲ್ಲಿ ಆಯ್ದುಕೊಂಡು ಒಳಗೆ ಒಣಹಾಕುತ್ತಿದ್ದರು. ಗಾಳಿಯೇ ಇಲ್ಲದ ಮಧ್ಯಾಹ್ನಗಳಲ್ಲಿ ಆ ಎಸಳು ಉದುರುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ಬರಿಗಾಲಲ್ಲಿ ಯಾರೋ ಮೆಲ್ಲಗೆ ಅಂಗಳ ದಾಟಿದಂತೆ ಇರುತ್ತಿತ್ತು.

ಬಳ್ಳಿಯ ಜೊತೆ ಅವರ ಮಾತು ದಿನವೂ ನಡೆಯುತ್ತಿತ್ತು. ಅದರಲ್ಲಿ ಭಕ್ತಿ, ಮಂತ್ರ ಏನೂ ಇರಲಿಲ್ಲ. ಬರೀ ಮನೆವಾರ್ತೆ. “ಅಕ್ಕ, ಬಳಗಾನೂರಿನ ಹೊಲದಾಗ ನಾಟಿ ಮುಗೀತಂತ.” “ಅಕ್ಕ, ಇವತ್ತ ಬದನಿಕಾಯಿ ಚೊಲೊ ಸಿಕ್ಕಾವ, ಎಣ್ಣಿಗಾಯಿ ಮಾಡೀನಿ.” ಒಮ್ಮೆ ನಾನೇ ಅವರ ರಕ್ತ ಪರೀಕ್ಷೆ ಮಾಡಿ ಸಕ್ಕರೆ ಕಾಯಿಲೆ ಇರುವುದನ್ನು ಹೇಳಿದೆ. ಅಮ್ಮ ಎದ್ದರು. ನೇರವಾಗಿ ಹಂದರದ ಕೆಳಗೆ ಹೋಗಿ, “ಅಕ್ಕ, ನಿನಗಿದು ಇರಲಿಲ್ಲಲ್ಲ, ನನಗ್ಯಾಕ ಬಂತು?” ಎಂದು ಕೇಳಿದರು. ದನಿಯಲ್ಲಿ ಅಳುಕಿತ್ತು, ಕೊಟ್ಟ ವಸ್ತುವನ್ನು ಕೆಡಿಸಿಕೊಂಡವರ ಅಳುಕು.

ಒಂಟಿ ಮುದುಕಿ, ಮಾತಿಗೆ ಗಿಡ ಹಿಡಿದಿದ್ದಾರೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ನನ್ನ ತಂಗಿ ಬಂದುಹೋಗುವವರೆಗೆ.

ಅವಳು ಆಗ ಸಿಂಧನೂರಿನಲ್ಲಿ ಪದವಿ ಓದುತ್ತಿದ್ದಳು. ಇಪ್ಪತ್ತು ದಾಟಿರಲಿಲ್ಲ. ಶಿವರಾತ್ರಿಯ ಆಚೀಚೆ, ಹೂ ಉಕ್ಕುವ ದಿನಗಳಲ್ಲಿ, ನನ್ನ ಜೊತೆ ಇರಲು ಬಂದಳು. ಮಧ್ಯಾಹ್ನ ಅಮ್ಮ ಗಿರಣಿಗೆ ಹೋಗಿದ್ದರು. ನಾನು ಒಲೆಯ ಮುಂದಿದ್ದೆ. ತಂಗಿ ಹಂದರದ ಕೆಳಗೆ ಓಡಾಡುತ್ತಿದ್ದವಳು ಒಂದು ಹೂ ಕಿತ್ತು ಜಡೆಗೆ ಸಿಕ್ಕಿಸಿಕೊಂಡು, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು.

ಗೇಟು ಕಿರುಗುಟ್ಟಿತು. ಆಮೇಲೆ ಹಿಟ್ಟಿನ ಡಬ್ಬಿ ಕಲ್ಲಿನ ಮೇಲೆ ಬಿದ್ದ ಸದ್ದು. ನಾನು ಹೊರಗೆ ಬಂದೆ. ಜೋಳದ ಹಿಟ್ಟು ಅಂಗಳದ ತುಂಬ ಚೆಲ್ಲಿತ್ತು. ಅಮ್ಮ ಅದರ ಮೇಲೆಯೇ ನಡೆದು ಬಂದು ನನ್ನ ತಂಗಿಯ ಕಾಲ ಬಳಿ ನೆಲಕ್ಕೆ ಕೂತರು.

“ಯಾವಾಗ ಬಂದಿ ಅಕ್ಕ? ಇಂಥಾ ಬಿಸಲಾಗ?”

ತಂಗಿ ನಗಲು ನೋಡಿದಳು. ಅಮ್ಮನ ಮುಖ ನೋಡಿ ಅವಳ ನಗು ನಿಂತಿತು. ಅಮ್ಮ ಅವಳ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಂದೇ ಸಮ ಹೇಳುತ್ತಿದ್ದರು: “ಹುಡುಗ ಲಿಂಗಸುಗೂರಾಗ ಅದಾನ, ಹೇಳಿ ಕಳಸ್ತೀನಿ. ಚೊಲೊ ಅದಾನ ಅಕ್ಕ. ನಾ ಅವಂಗ ಒಮ್ಮಿಯೂ ಹೊಡದಿಲ್ಲ. ಬೈದೀನಿ, ಸುಳ್ಳ್ಯಾಕ ಹೇಳ್ಲಿ, ಬೈದೀನಿ. ಹೊಡದಿಲ್ಲ.” ಆಮೇಲೆ ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ತಂಗಿಯ ಮಡಿಲಿಗೆ ಹಾಕಿದರು. “ತಗೋ. ಎಲ್ಲಾ ಇಟ್ಟಲ್ಲೇ ಐತಿ. ಹಸಿರು ಇಳಕಲ್ಲ ಸೀರಿ ಒಂದು ಹರದೈತಿ, ಅದೊಂದು ತಪ್ಪಾತು. ಉಳದದ್ದು ನೋಡಿಕೋ.”

ಆ ದನಿ ಮುದುಕಿಯದಾಗಿರಲಿಲ್ಲ. ಹಿರಿಯರೆದುರು ತಪ್ಪು ಒಪ್ಪಿಸುವ ಹದಿಹರೆಯದ ಹುಡುಗಿಯ ದನಿ.

“ಅಮ್ಮಾ, ಅದು ನನ್ನ ತಂಗೀರಿ,” ಎಂದೆ. ಅವರಿಗೆ ಕೇಳಿಸಲಿಲ್ಲ. ನಾನು ಹೋಗಿ ತಂಗಿಯ ಜಡೆಯಿಂದ ಹೂ ಕಿತ್ತೆ. ಎಸಳು ನನ್ನ ಕೈಯಲ್ಲೇ ಉದುರಿತು. ಅಮ್ಮ ಕಣ್ಣು ಪಿಳುಕಿಸಿದರು. ತಂಗಿಯ ಮುಖವನ್ನೂ ಮಡಿಲಲ್ಲಿದ್ದ ಬೀಗದ ಕೈಗಳನ್ನೂ ನೋಡಿದರು. ಮೆಲ್ಲಗೆ ಅವನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಕಸಬರಿಗೆ ತಂದು ಹಿಟ್ಟು ಗುಡಿಸತೊಡಗಿದರು. ಯಾರನ್ನೂ ಬೈಯಲಿಲ್ಲ.

ತಂಗಿ ಅವತ್ತು ಸಂಜೆಯ ಬಸ್ಸಿಗೇ ಹೊರಟುಬಿಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ನನ್ನ ತೋಳು ಹಿಡಿದಳು.

“ಅಕ್ಕ, ಆಕಿ ನನ್ನ ಕಾಲು ಹಿಡದಾಗ ನನ್ನ ಬಾಯಾಗ ಒಂದು ಮಾತು ಬಂದಿತ್ತು. ತಡಕೊಂಡೆ.”

“ಏನು?”

“‘ಕೂಸಿಗೆ ಹಾಲು ಕುಡಿಸಿದೇನು?’ ಅಂತ. ಯಾವ ಕೂಸು? ನನಗ್ಯಾಕ ಬಂತು ಅದು?”

ನನಗೂ ಆಗ ಯಾವ ಕೂಸೂ ಗೊತ್ತಿರಲಿಲ್ಲ. ಮರುದಿನ ಅಮ್ಮನೇ ಹೇಳಿದರು. ನಾನು ಕೇಳಿರಲಿಲ್ಲ. ಆಸ್ಪತ್ರೆಯಿಂದ ಬಂದವಳನ್ನು ಕರೆದು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಹಂದರದ ಕಡೆ ಬೆನ್ನು ಮಾಡಿ ಕೂತು, ದನಿ ತಗ್ಗಿಸಿ ಹೇಳಿದರು.

ಅವರ ತವರು ಲಿಂಗಸುಗೂರು. ತಂದೆ ಕಚೇರಿಯ ಜವಾನ. ಬ್ರಿಟಿಷರ ದಂಡು ಇದ್ದ ಕಾಲದ ಹಳೆಯ ಬಂಗಲೆಯೊಂದರ ಗೋಡೆಗೆ ಈ ಗುಲಾಬಿ ಹಬ್ಬಿತ್ತು. ಬಂಗಲೆ ಬಿದ್ದುಹೋಗಿ, ಗೋಡೆಯೊಂದು ಉಳಿದು, ಅದರ ಮೇಲೆ ಬಳ್ಳಿ ಉಳಿದಿತ್ತು. ಅಕ್ಕ ಮದುವೆಯಾಗಿ ಮಸ್ಕಿಗೆ ಹೊರಟಾಗ ಅದರದೊಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಂದಳು. ನೆಟ್ಟ ಕಡ್ಡಿ ಒಣಗಲೂ ಇಲ್ಲ, ಚಿಗುರಲೂ ಇಲ್ಲ. ಹಾಗೇ ನಿಂತಿತ್ತು. ಅಕ್ಕ ಬಸುರಾದಾಗ ಚಿಗುರಿತು. ಗಂಡು ಕೂಸು ಹುಟ್ಟಿ, ಇನ್ನೂ ಬಾಣಂತಿಯ ಕೋಣೆಯಲ್ಲಿ ಇರುವಾಗಲೇ ಅಕ್ಕ ಜ್ವರ ಬಂದು ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ವಾರದಲ್ಲೇ, ಕಾಲವಲ್ಲದ ಕಾಲದಲ್ಲಿ, ಬಳ್ಳಿ ಮೊದಲ ಹೂ ಬಿಟ್ಟಿತು. ಆ ಕೋಣೆಯೇ ಬಲಗಡೆಯದು, ಬಳ್ಳಿ ಇಳಿದಿದ್ದ ಕಿಟಕಿಯದು.

ಕೂಸನ್ನು ಸಾಕಲು ಯಾರಾದರೂ ಬೇಕಲ್ಲ. ತಂಗಿಯಾದ ಇವರನ್ನು ಭಾವನಿಗೇ ಕೊಟ್ಟರು. ಆಗಿನ್ನೂ ಲಂಗ ದಾವಣಿಯ ಹುಡುಗಿ.

“ಎಲ್ಲಾರೂ ಅಯ್ಯೋ ಪಾಪ ಅಂದ್ರು. ನನ್ನ ಹೊಟ್ಟ್ಯಾಗಿಂದು ಅವರಿಗೇನು ಗೊತ್ತು?” ಅಮ್ಮ ಚಹಾದ ಬಸಿಯನ್ನು ತಿರುವುತ್ತ ಕೂತರು. “ಅಕ್ಕ ಬಸುರಿದ್ದಾಗ ನಾ ಇಲ್ಲಿ ಬಂದಿದ್ದೆ. ಈ ಮನಿ, ಆಕಿ ಇಳಕಲ್ಲ ಸೀರಿ, ಗೋಡಿಗೆ ಹಚ್ಚಿದ ನೀಲಿ, ಭಾವನವರು ಪ್ಯಾಟಿಯಿಂದ ತಂದು ಕೊಡೋ ಕರದಂಟು... ಇದೆಲ್ಲಾ ನನಗಿದ್ರ ಅನಿಸಿತು. ಒಮ್ಮೆ ಅನಿಸಿತು ನೋಡವ್ವ, ಬಾಯಿಬಿಟ್ಟು ಬೇಡಲಿಲ್ಲ. ಅವಾ ಮ್ಯಾಲಿನಾಂವ ಒಂದೂ ಬಿಡದಂಗ ಕೊಟ್ಟ. ಆಕಿ ಸೀರಿ ಕೊಟ್ಟ, ಆಕಿ ಹಾಸಿಗಿ ಕೊಟ್ಟ, ಆಕಿ ಗಂಡನ್ನ ಕೊಟ್ಟ. ಮಗನ್ನೂ ಕೊಡಾಕ ಬಂದ. ಅದೊಂದು ನಾ ಒಲ್ಲೆ ಅಂದೆ.”

ಒಲ್ಲೆ ಎಂದರೆ ಸಾಕಲಿಲ್ಲ ಎಂದಲ್ಲ. ಎದೆಗವಚಿಕೊಂಡೇ ಸಾಕಿದರು. ತಮಗೆಂದು ಒಂದು ಕೂಸು ಆಗಲಿಲ್ಲ, ಆಗಲೂಬಾರದು ಎಂದುಕೊಂಡಿದ್ದರು. ಆದರೆ ಹುಡುಗ ತೊದಲು ಮಾತಿನಲ್ಲಿ “ಅವ್ವ” ಎಂದ ಕೂಡಲೇ ಅವನ ಬಾಯಿಯ ಮೇಲೆ ಕೈಯಿಟ್ಟರು. ಎತ್ತಿಕೊಂಡು ಅಂಗಳಕ್ಕೆ ಹೋಗಿ ಬಳ್ಳಿ ತೋರಿಸಿ, “ನಿಮ್ಮವ್ವ ಇಲ್ಲಿ ಅದಾಳ. ನಾ ಚಿಗವ್ವ,” ಎಂದು ಕಲಿಸಿದರು. ಒಣಗಿದ ಎಸಳು ತುಂಬಿದ ದಿಂಬನ್ನು ಹೊಲಿದು ಅವನ ತಲೆಗಿಟ್ಟು, “ಅವ್ವನ ತೊಡಿ” ಎಂದು ಮಲಗಿಸುತ್ತಿದ್ದರು.

ಆ ಮಗನನ್ನು ನಾನು ಅಷ್ಟರಲ್ಲಿ ಹಲವು ಸಲ ನೋಡಿದ್ದೆ. ಐವತ್ತರ ಹತ್ತಿರದ, ಗಟ್ಟಿ ಮೈಯ, ಮಾತು ಕಡಿಮೆಯ ಮನುಷ್ಯ. ಲಿಂಗಸುಗೂರಿನಲ್ಲಿ ಬಸ್ ಡಿಪೋದ ಮೆಕ್ಯಾನಿಕ್. ಚಿಗವ್ವನ ಔಷಧಿ, ಹಣ್ಣು, ಹೊಸ ಚಪ್ಪಲಿ ಎಂದು ಆಗಾಗ ತಂದುಕೊಡುತ್ತಿದ್ದರು. ಬಂದವರು ಗೇಟಿನಿಂದ ಬರುತ್ತಿರಲಿಲ್ಲ. ಹಿತ್ತಲಿನ ಸಂದಿಯಲ್ಲಿ ಸುತ್ತಿಕೊಂಡು ಹಿಂಬಾಗಿಲಿನಿಂದ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ರೊಟ್ಟಿ ತಿಂದು ಹೋಗುತ್ತಿದ್ದರು. ಒಂದು ರಾತ್ರಿಯೂ ಆ ಮನೆಯಲ್ಲಿ ಉಳಿದದ್ದನ್ನು ನಾನು ಕಾಣೆ.

ಒಮ್ಮೆ ಹಾಗೆ ಮಸ್ಕಿಗೆ ಬಂದಾಗ ಜ್ವರವೆಂದು ನಮ್ಮ ಆಸ್ಪತ್ರೆಗೇ ರಕ್ತ ಪರೀಕ್ಷೆಗೆ ಬಂದರು. ವರದಿಗೆ ಕಾಯುತ್ತ ನನ್ನ ಎದುರಿನ ಬೆಂಚಿನ ಮೇಲೆ ಕೂತವರು ತಾವಾಗಿಯೇ ಕೇಳಿದರು.

“ಮೇಡಂ, ನಿಮಗ ಆ ಮನ್ಯಾಗ ಅಂಜಿಕಿ ಆಗಂಗಿಲ್ಲೇನ್ರಿ?”

“ಯಾಕ್ರೀ?”

“ನಾ ಏಳನೇ ಕ್ಲಾಸು ಪಾಸಾದಾಗಿನ ಮಾತು. ಪಾಸಿನ ಸುದ್ದಿ ತಗೊಂಡು ಓಡಿ ಬಂದೆ. ಚಿಗವ್ವಗ ಹೇಳಬೇಕಂತ ಬಂದಾವ. ಆಕಿ ‘ಮೊದಲ ನಿಮ್ಮವ್ವಗ ಹೇಳು’ ಅಂತ ಹಂದರದ ಕೆಳಗ ನಿಂದ್ರಿಸಿದ್ಲು. ಹೇಳಿ ತಿರುಗಿದೆ, ಅಂಗಿ ಕಾಲರಿಗೆ ಮುಳ್ಳು ಸಿಕ್ಕೊಂಡಿತು. ಜಗ್ಗಿದ್ರ ಬರಲಿಲ್ಲ. ಚಿಗವ್ವ ಅಂದ್ಲು, ‘ಜಗ್ಗಬ್ಯಾಡ, ಆಕಿ ಹಿಡಕೊಂಡಾಳ. ಖುಷಿ ಆಗೈತಿ ಆಕಿಗೆ. ಬಿಡೂಮಟ ನಿಂದ್ರು.’ ನಿಂತೆ. ಬಿಸಲಾಗ, ಬೆವತು, ಚಡ್ಡ್ಯಾಗ ಉಚ್ಚಿ ಹೊಯ್ಕೊಂಡು ನಿಂತೆ. ಚಿಗವ್ವ ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ಲು. ಆಮ್ಯಾಲೆ ಅದು ತಾನಽ ಬಿಟ್ಟಿತು.” ಅವರು ತಮ್ಮ ಕೊರಳ ಹಿಂಭಾಗವನ್ನು ಒರೆಸಿಕೊಂಡರು. “ಅವತ್ತಿನಿಂದ ನಾ ಹಂದರದ ಕೆಳಗ ಹಾದಿಲ್ಲ.”

ನಾನು ಪೆನ್ನು ಕೆಳಗಿಟ್ಟೆ.

“ಒಬ್ಬಾಕಿ ಗಿಡ ಆದ್ಲು ಮೇಡಂ. ಇನ್ನೊಬ್ಬಾಕಿ ಗಿಡದ ಕಡೆ ಬೊಟ್ಟು ಮಾಡಿದ್ಲು. ನನಗ ಕೈಗೆ ಸಿಗೋ ಅವ್ವ ಬೇಕಿತ್ತು, ಅಷ್ಟಽ. ರೊಟ್ಟಿ ಬಡ್ಯಾಕಿ, ತಲಿ ಎರ್ಯಾಕಿ, ಜ್ವರ ಬಂದ್ರ ಒದ್ದಿ ಬಟ್ಟಿ ಹಾಕಾಕಿ ಆಕೀನಽ ಇದ್ಲು. ಅವ್ವ ಅನ್ನಾಕ ಮಾತ್ರ ಬಿಡಲಿಲ್ಲ.”

ಆ ಮಾತು ನನ್ನನ್ನು ಬಿಡಲಿಲ್ಲ. ಅದೇ ವಾರ ಅಮ್ಮ ಬಲಗಡೆಯ ಕೋಣೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ.

“ಅವ್ವ ಅನ್ಲಿ ಬಿಡ್ರಿ ಅಮ್ಮ. ಅವರಿಗೂ ವಯಸ್ಸಾತು. ಅಂದ್ರ ಏನು ಹೋಗ್ತೈತಿ?”

ಅವರ ಕೈ ನಿಂತಿತು. ಕಿಟಕಿಯ ಕಡೆ ನೋಡಿದರು. ಕಿಟಕಿಯ ಸರಳುಗಳ ಆಚೆ ಒಂದು ಹೊಸ ಚಿಗುರು, ಕೆಂಪಗೆ, ಬೆರಳಿನಂತೆ ಬಾಗಿಕೊಂಡು ನಿಂತಿತ್ತು. ಅಂಥ ಚಿಗುರು ಸರಳು ದಾಟಿ ಒಳಬಂದಾಗಲೆಲ್ಲ ಅಮ್ಮ ಅದನ್ನು ಕತ್ತರಿಸದೆ, ಎರಡು ಬೆರಳಲ್ಲಿ ಹಿಡಿದು ಹೊರಗೆ ತಿರುಗಿಸಿ, “ಅಲ್ಲೇ ಕುಂದ್ರು,” ಎನ್ನುವುದನ್ನು ನಾನು ನೋಡಿದ್ದೆ.

“ಆಕಿ ಹೊರಗ ಯಾಕ ನಿಂತಾಳ ಗೊತ್ತೈತೇನು ನಿನಗ?” ಎಂದರು ಪಿಸುದನಿಯಲ್ಲಿ. “ಮಗ ಒಬ್ಬಾವ ಆಕೀದಂತ ಉಳದಾನಲ್ಲ, ಅದಕ್ಕ. ಆ ನೆಚ್ಚಿಗಿ ಮ್ಯಾಲ ನಿಂತಾಳ. ಅವಾ ನನಗ ಅವ್ವ ಅಂದ ದಿನ ಆಕಿಗೆ ಹೊರಗ ಏನೂ ಉಳಿಯಂಗಿಲ್ಲ. ಒಳಗ ಬರ್ತಾಳ.”

“ಬಂದ್ರ?”

“ಬಂದ್ರ ನಾ ಎದ್ದು ಹೋಗಬೇಕಲ್ಲವ್ವ. ಮನಿ ಆಕೀದು.” ಆಮೇಲೆ ಹುಣಸೆಬೀಜ ಒಂದನ್ನು ಬೆರಳಲ್ಲಿ ಹೊರಳಿಸುತ್ತ, ಅದೇನೂ ದೊಡ್ಡ ಮಾತಲ್ಲ ಎನ್ನುವಂತೆ ಅಂದರು: “ಅಕ್ಕ ಅಂತೀನಿ. ಖರೇ ಅಂದ್ರ ಆಕಿ ಇನ್ನೂ ಇಪ್ಪತ್ತರಾಕಿ. ನಾ ಮುದುಕಿ ಆಗೀನಿ. ಬಂದ್ರ ಆಕಿಗೆ ನನ್ನ ಗುರ್ತರೆ ಹತ್ತತೈತೋ ಇಲ್ಲೋ.”

ನನಗೆ ಸಿಂಧನೂರಿಗೆ ವರ್ಗವಾಯಿತು. ಮದುವೆಯೂ ಆಯಿತು. ಹೊರಡುವ ದಿನ ಅಮ್ಮ ನನ್ನನ್ನು ಹಂದರದ ಕೆಳಗೆ ಕರೆದುಕೊಂಡು ಹೋಗಿ, “ಹೋಗಿ ಬರ್ತೀನಿ ಅನ್ನು ಆಕಿಗೆ,” ಎಂದರು. ಅಂದೆ. ರಕ್ತದ ಹನಿಯನ್ನು ಗಾಜಿನ ಮೇಲಿಟ್ಟು ಕಂಡದ್ದನ್ನಷ್ಟೇ ಬರೆಯುವ ಕೆಲಸ ನನ್ನದು. ಆದರೂ ಗಿಡಕ್ಕೆ ಕೈಮುಗಿದು, ಮುಳ್ಳು ಎಲ್ಲಾದರೂ ಸೆರಗು ಹಿಡಿದೀತೆಂದು ಮೈ ಬಿಗಿಹಿಡಿದು ಹೊರಗೆ ಬಂದೆ.

ಆಮೇಲೂ ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಹೋದ ವರ್ಷ ಚಳಿಗಾಲದಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮಗ ಲಿಂಗಸುಗೂರಿಗೆ ಕರೆದುಕೊಂಡು ಹೋಗುತ್ತೇನೆಂದು ಗಾಡಿ ತಂದರು. ಅಮ್ಮ ಮಂಚದ ಕಾಲು ಹಿಡಿದುಕೊಂಡು ಬರಲೊಲ್ಲೆ ಎಂದರು. “ಆಕಿ ಒಬ್ಬಾಕಿನ ಬಿಟ್ಟು ಎಲ್ಲಿ ಬರ್ಲಿ?” ಅಡುಗೆಗೆ, ಮೈ ತೊಳೆಯಲು ಓಣಿಯ ಒಬ್ಬ ಹೆಂಗಸನ್ನು ಗೊತ್ತು ಮಾಡಿ, ಗಾಳಿ ಚೆನ್ನಾಗಿ ಬರುತ್ತದೆಂದು ಮಂಚವನ್ನು ಬಲಗಡೆಯ ಕೋಣೆಗೆ ಹಾಕಿಸಿ ಮಗ ಹೋದರು. ಅದು ಬಾಣಂತಿ ಸತ್ತ ಕೋಣೆ ಎಂಬುದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಾನು ನೋಡಲು ಹೋದಾಗ ಅಮ್ಮ ಅರ್ಧಕ್ಕರ್ಧ ಇಳಿದಿದ್ದರು. ಏಳಲಾಗದ ಮೇಲೆ ಚಿಗುರುಗಳನ್ನು ಹೊರಗೆ ತಿರುಗಿಸುವವರು ಯಾರು? ಬಳ್ಳಿಯ ಒಂದು ಕೈ ಸರಳುಗಳ ನಡುವೆ ತೂರಿ ಒಳಗೆ ಬಂದು, ಮಂಚದ ತಲೆಯ ಕಡೆಯ ಪಟ್ಟಿಯನ್ನು ಹಿಡಿದಿತ್ತು. ಕತ್ತಲಲ್ಲಿ ಬೆಳೆದದ್ದಕ್ಕೋ ಏನೋ ಎಲೆಗಳು ಬಿಳಿಚಿಕೊಂಡಿದ್ದವು. ಕೆಲಸದ ಹೆಂಗಸು ನನ್ನನ್ನು ಬಾಗಿಲಿಗೆ ಕರೆದು, “ಕತ್ತರಿ ತಗೊಂಡ್ರ ಅಮ್ಮ ಒದರತಾರ್ರಿ. ನನಗ ಆ ಕ್ವಾಣ್ಯಾಗ ಕಾಲಿಡಾಕ ಮನಸ ಬರವಲ್ದು. ಹೂವಿಲ್ಲ ಏನಿಲ್ಲ, ವಾಸನಿ ನೋಡ್ರಿ ಹೆಂಗ ಬರಾಕತ್ತೈತಿ,” ಎಂದಳು. ನಿಜ. ಹೂವಿನ ಕಾಲ ಮುಗಿದು ಬಹಳ ದಿನವಾಗಿತ್ತು. ಕೋಣೆಯ ತುಂಬ ಗುಲಾಬಿಯ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಎಳೆ ಕೂಸಿರುವ ಮನೆಯದು.

ಆ ದಿನವೇ ಅಮ್ಮನ ಉಸಿರು ಕೆಟ್ಟಿತು. ಡಾಕ್ಟರು ಬಂದು ನೋಡಿ, ಇನ್ನು ಎಲ್ಲಿಗೂ ಎತ್ತಿಕೊಂಡು ಹೋಗುವುದು ಬೇಡ ಎಂದರು. ನಾನೇ ಮಗನಿಗೆ ಫೋನ್ ಮಾಡಿದೆ.

ಅವರು ಬಂದದ್ದು ನಡುಮಧ್ಯಾಹ್ನ. ಕರೆಂಟು ಹೋಗಿತ್ತು. ಓಣಿಯಲ್ಲಿ ನಾಯಿಯೂ ಹೊರಗಿರಲಿಲ್ಲ. ಗೇಟಿನ ಸದ್ದಾದಾಗ ನಾನು ತಲೆಯೆತ್ತಿ ನೋಡಿದೆ. ಹಿತ್ತಲಿಗೆ ಸುತ್ತಿಕೊಂಡು ಹೋಗುವಷ್ಟು ವ್ಯವಧಾನ ಅವರಿಗೆ ಇರಲಿಲ್ಲ. ಆ ದೊಡ್ಡ ದೇಹವನ್ನು ಕುಗ್ಗಿಸಿಕೊಂಡು, ತೋಳಲ್ಲಿ ತಲೆ ಮುಚ್ಚಿಕೊಂಡು, ಕಲ್ಲೆಸೆತದ ನಡುವೆ ಓಡುವವರಂತೆ ಹಂದರದ ಕೆಳಗೆ ಓಡಿ ಬಂದರು. ಒಳಗೆ ಬಂದಾಗ ಕಿವಿಯ ಹತ್ತಿರ ಮುಳ್ಳು ಗೀರಿ ರಕ್ತ ಜಿನುಗುತ್ತಿತ್ತು. ಅವರಿಗೆ ಅದರ ಅರಿವಿರಲಿಲ್ಲ.

ಮಂಚದ ಪಕ್ಕ ಮಂಡಿಯೂರಿ ಕೂತು ಅಮ್ಮನ ಕೈ ಹಿಡಿದುಕೊಂಡರು. ನಾನು ಕಿಟಕಿಗೆ ಬೆನ್ನು ಹಾಕಿ, ಮಂಚದ ಇನ್ನೊಂದು ಬದಿಯಲ್ಲಿ, ಚಮಚದಲ್ಲಿ ನೀರು ಹಿಡಿದು ಬಗ್ಗಿದ್ದೆ.

“ಚಿಗವ್ವ. ಚಿಗವ್ವ, ನಾ ಬಂದೀನಿ.”

ಅಮ್ಮನ ಕಣ್ಣು ತೆರೆದಿತ್ತು. ನೋಟ ನನ್ನನ್ನು ದಾಟಿ ಕಿಟಕಿಯ ಮೇಲಿತ್ತು. ಮಗ ಮತ್ತೆ ಮತ್ತೆ ಕರೆದರು, ಅಮ್ಮ ತಿರುಗಲಿಲ್ಲ. ಆಮೇಲೆ ಆ ಮಾತು ಒಡೆದುಕೊಂಡು ಬಂತು, ಐವತ್ತರ ಗಂಡಸಿನ ಗಂಟಲಿಂದ ಬರುವ ದನಿಯಲ್ಲ.

“ಅವ್ವಾ...”

ಅಮ್ಮನ ಹುಬ್ಬು ಗಂಟಿಕ್ಕಿತು. ಹಿಂದಿನಂತೆ ಮಗನ ಬಾಯಿ ಮುಚ್ಚಲು ಕೈ ಎತ್ತಲು ನೋಡಿದರು. ಆ ಕೈ ಮಗನ ಕೈಯೊಳಗಿತ್ತು, ಅವರು ಬಿಡಲಿಲ್ಲ. ಅಮ್ಮ ಕಿಟಕಿಯ ಕಡೆಗೇ ನೋಡುತ್ತ, ಬಹಳ ಸ್ಪಷ್ಟವಾಗಿ ಅಂದರು:

“ಅಕ್ಕ, ಹುಡುಗ ಕರಿಯಾಕತ್ತಾನ. ಓ ಅನ್ನಬಾರದೇನು?”

ಅದೇ ಅವರ ಕೊನೆಯ ಮಾತು. ತುಟಿ ಮುಚ್ಚಿತು. ನಾನು ಬಿಟ್ಟ ನೀರು ಕಟವಾಯಿಯಿಂದ ಹೊರಗೆ ಇಳಿಯಿತು.

“ನಿಮ್ಮಕ್ಕನ್ನಲ್ಲ, ನಿನ್ನ ಕರಿಯಾಕತ್ತೀನಿ. ನಿನ್ನಽ. ಅವ್ವಾ!” ಅವರು ಅಮ್ಮನ ಎದೆಗೆ ಹಣೆಯಿಟ್ಟು ಕೂಗಿದರು.

“ಓ...”

ಎಳೆಯ ಹೆಂಗಸಿನ ದನಿ. ಕೆಲಸದ ನಡುವೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಬಂದೆ ಇರು ಎನ್ನುವ ಹಾಗೆ, ಅಷ್ಟು ಸಹಜವಾಗಿ. ನನ್ನ ಚಮಚ ಅಮ್ಮನ ತುಟಿಯ ಮೇಲೇ ಇತ್ತು. ಆ ತುಟಿ ಅಲ್ಲಾಡಿರಲಿಲ್ಲ. ಉಸಿರೂ ಇರಲಿಲ್ಲ. ದನಿ ಬಂದದ್ದು ನನ್ನ ಬೆನ್ನ ಹಿಂದಿನಿಂದ, ಕಿವಿಯ ಹತ್ತಿರದಿಂದ.

ನಾನು ತಿರುಗಿ ನೋಡಲಿಲ್ಲ.

ಮಗ ತಲೆಯೆತ್ತಿದರು. ಮುಖದ ತುಂಬ ಕಣ್ಣೀರು, ಕೊರಳಿಗೆ ಇಳಿದ ರಕ್ತ. ಅಂಥ ಬೆಳಕನ್ನು ನಾನು ಆ ಮುಖದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

“ಓ ಅಂದ್ಲು ನೋಡ್ರಿ ಮೇಡಂ! ನೀವೂ ಕೇಳಿದ್ರಿಲ್ಲ? ನನ್ನವ್ವ ಓ ಅಂದ್ಲು.”

ನಾನು ಅಮ್ಮನ ಕಣ್ಣು ಮುಚ್ಚಿದೆ.

“ಹೌದ್ರೀ,” ಎಂದೆ. “ಕೇಳಿದೆ.”